ನೀಲಿ ನೂಲಿನ ಕಟ್ಟು

ಇಂಥ ಬರಹಗಳನ್ನು ನಾನು ಓದುತ್ತಿದ್ದದ್ದು ನಗುವುದಕ್ಕೆ. ಸತ್ತವರು ಬಂದರು, ಬಾಗಿಲು ತಾನಾಗಿ ತೆರೆಯಿತು ಎಂದೆಲ್ಲ ಬರೆಯುವವರ ಮೇಲೆ ನನಗೆ ಕನಿಕರವೂ ಇರಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಎರಡು ಪದವಿ ಪಡೆದು, ಹದಿನೆಂಟು ವರ್ಷಗಳಿಂದ ಡಿಪ್ಲೊಮಾ ಮಕ್ಕಳಿಗೆ ಎಂಜಿನ್ ಪಾಠ ಮಾಡುತ್ತಿರುವವನು ನಾನು. ಅಳತೆಗೆ ಸಿಗದ್ದನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುತ್ತೇನೆ, ಈಗಲೂ. ಹಾಗಾಗಿ ಮುಂದೆ ಬರೆಯುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ.

ನನ್ನದು ಹದಿನಾಲ್ಕು ವರ್ಷ ಹಳೆಯ ಟರ್ಬೊ ಡೀಸೆಲ್ ಕಾರು. ಮೂರು ವರ್ಷದ ಹಿಂದೆ ಅದಕ್ಕೊಂದು ಕಾಯಿಲೆ ಹತ್ತಿಕೊಂಡಿತು. ಓಡುವಾಗ ಏನೂ ಇಲ್ಲ. ಟರ್ಬೊ ಹಿಡಿದ ಮೇಲಂತೂ ಹೊಸ ಗಾಡಿಯ ಹಾಗೆ ಎಳೆಯುತ್ತಿತ್ತು. ನಿಂತಾಗ ಮಾತ್ರ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ, ಎಂಜಿನ್ ನಡುಗಲು ಶುರು. ನಿಮಿಷಕ್ಕೆ ಎಂಟುನೂರು ಸುತ್ತಿನಲ್ಲಿ ನಿಲ್ಲಬೇಕಾದ ಮೀಟರಿನ ಮುಳ್ಳು ಆರುನೂರಕ್ಕೆ ಇಳಿದು, ಸಾವಿರಕ್ಕೆ ಹಾರಿ, ಮತ್ತೆ ಇಳಿಯುತ್ತಿತ್ತು. ಸ್ಟೇರಿಂಗ್ ಕೈಯಲ್ಲಿ ಅದುರುತ್ತಿತ್ತು. ಸ್ಕ್ಯಾನರ್ ಹಾಕಿದೆ. ಗಾಳಿ ಅಳೆಯುವ ಸೆನ್ಸರ್ ಸರಿಯಿಲ್ಲ ಎಂದು ತೋರಿಸಿತು. ಸೆನ್ಸರ್ ಬದಲಿಸಿದೆ. ನಡುಕ ಹೋಗಲಿಲ್ಲ.

ನನ್ನ ಅಣ್ಣನಿಗೆ ಕುಂಭಾಶಿಯಲ್ಲಿ ಗ್ಯಾರೇಜ್ ಇತ್ತು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಮೀನಿನ ದೋಣಿಗೆ ಹೋಗಿ, ದೋಣಿಯ ಎಂಜಿನ್ ಬಿಚ್ಚುತ್ತ ಕಟ್ಟುತ್ತ ಕೆಲಸ ಕಲಿತವನು. ಅವನು ದೋಣಿಗೆ ಹೋದದ್ದರಿಂದ ನಾನು ಕಾಲೇಜಿಗೆ ಹೋದೆ. ಇದನ್ನು ಅವನು ಒಮ್ಮೆಯೂ ಆಡಿ ತೋರಿಸಲಿಲ್ಲ. ತೋರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವನದೊಂದು ಕ್ರಮ. ಯಾರ ಕಾರು ಬಂದರೂ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಕಾರಿನವನಿಗೇ ಓಡಿಸಲು ಹೇಳಿ, ತಾನು ಪಕ್ಕದಲ್ಲಿ ಕೂತು, ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಸಾಸ್ತಾನದ ತನಕ ಹೋಗುತ್ತಿದ್ದ. ದಾರಿಯಲ್ಲಿ ಮಾತಿಲ್ಲ. ಟೋಲ್ ಬರುವ ಮೊದಲು "ತಿರ್ಸ್" ಎನ್ನುತ್ತಿದ್ದ. ವಾಪಸು ಬರುವಾಗ ತೀರ್ಪು. ನನ್ನ ಕಾರಿಗೂ ಹಾಗೆಯೇ ಮಾಡಿದ.

"ಗಾಳಿ ಎಳಿತ್ ಮೇಷ್ಟ್ರೇ," ಎಂದ. ತಮಾಷೆಗೆ ನನ್ನನ್ನು ಮೇಷ್ಟ್ರೇ ಎನ್ನುವುದು ಅವನ ರೂಢಿ. "ಡೀಸೆಲ್ ಪೈಪ್ ಎಲ್ಲೋ ಬಿರ್ಕ್ ಬಿಟ್ಟಿತ್. ಡೀಸೆಲ್ ಹೊರ್ಗ್ ಬತ್ತಿಲ್ಲೆ, ಗಾಳಿ ಒಳ್ಗ್ ಹೋತಿತ್ತ್. ದೋಣಿ ಎಂಜಿನ್ನೂ ಹೀಂಗೇ ಕುಣಿತ್."

ಗ್ಯಾರೇಜಿನಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರೆದುರು ನಾನು ಹೇಳಿದೆ, "ಇದು ದೋಣಿ ಅಲ್ಲ ಅಣ್ಣಾ, ಕಾರು. ಇದಕ್ಕೆ ಸ್ವಲ್ಪ ಓದಿರಬೇಕು."

ಯಾರೋ ನಕ್ಕರು. ಅಣ್ಣನೂ ನಕ್ಕ. "ಆಯ್ತ್ ಮಾರಾಯ. ಒಂದಿನ ಬಿಟ್ಟ್ ಹೋಗ್, ಕಾಂಬ" ಎಂದ.

ಬಿಟ್ಟು ಹೋದೆ. ಮರುದಿನ "ಸಮಾ ಆಯ್ತ್" ಎಂದು ಅಣ್ಣ ಹೇಳಿದ ಮೇಲೆ ಕಾರು ತಂದೆ. ಈಗ ನನ್ನ ನೆನಪು ಹೇಳುವುದನ್ನು ಹೇಳುತ್ತೇನೆ. ನಡುಕ ಹೋಗಿರಲಿಲ್ಲ. ಆ ವಾರ ಹಾಲಾಡಿಗೆ ಮದುವೆಗೆ ಹೋದಾಗ ಅಲ್ಲಿಯ ಸರ್ಕಲ್‌ನಲ್ಲಿ ಎಂಜಿನ್ ಅದುರಿ ನಿಂತೇಹೋಗುವುದರಲ್ಲಿತ್ತು. ಸಂಜೆ ಅಣ್ಣನಿಗೆ ಫೋನ್ ಮಾಡಿದೆ. "ಏನೂ ಮಾಡದೆ ಮಾಡಿದೆ ಅಂತ ಹೇಳೋದು ಬೇಡ. ಬೇರೆ ಗಿರಾಕಿಗಳಿಗೂ ಹೀಗೇ ಮಾಡ್ತೀಯಾ?" ಎಂದೆ. ಅವನು "ಹಾಂಗಾರೆ ನೀನೇ ಕಾಣ್" ಎಂದು ಫೋನ್ ಇಟ್ಟ. ಅದೇ ಕೊನೆಯ ಮಾತು. ಐದು ತಿಂಗಳ ನಂತರ ಗ್ಯಾರೇಜಿನಲ್ಲೇ, ಒಂದು ಲಾರಿಯ ಪಕ್ಕದಲ್ಲಿ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಆ ಐದು ತಿಂಗಳೂ ನಾನು ಛಲಕ್ಕೆ ಬಿದ್ದು ಕಾರಿನ ಹಿಂದೆ ಬಿದ್ದಿದ್ದೆ. ಟರ್ಬೊ ಪೈಪುಗಳನ್ನು ಬಿಚ್ಚಿ ನೋಡಿದೆ, ವಾಲ್ವ್ ತೊಳೆದೆ, ಇಂಜೆಕ್ಟರ್‌ಗಳನ್ನು ಪರೀಕ್ಷೆಗೆ ಕಳಿಸಿದೆ. ಡೀಸೆಲ್ ಪೈಪನ್ನು ಮಾತ್ರ ನೋಡಲಿಲ್ಲ. ಅದು ಅಣ್ಣ ಹೇಳಿದ್ದಾಗಿತ್ತು.

ಅವನ ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ಬ್ರಹ್ಮಾವರದಿಂದ ಒಬ್ಬನೇ ಹೊರಟೆ. ಹೆಂಡತಿ ಹಿಂದಿನ ದಿನವೇ ಹೋಗಿದ್ದಳು. ಬೆಳಿಗ್ಗೆ ಹತ್ತೂವರೆ, ಕಣ್ಣು ಕುಕ್ಕುವ ಬಿಸಿಲು. ಸಾಸ್ತಾನದ ಟೋಲ್‌ನಲ್ಲಿ ಸಾಲು ನಿಂತಿತ್ತು. ನನ್ನ ಕಾರು ಎಂದಿಗಿಂತ ಹೆಚ್ಚು ನಡುಗುತ್ತಿತ್ತು. ಮುಳ್ಳು ಐನೂರಕ್ಕೆ ಬಿತ್ತು. ಈಗ ನಿಂತಿತು ಎಂದುಕೊಂಡೆ. ಆಗ ಬೀಡಿಯ ವಾಸನೆ ಬಂತು. ಬೀಡಿ ಮತ್ತು ಡೀಸೆಲ್ ಸೇರಿದ, ಅಣ್ಣನ ಖಾಕಿ ಅಂಗಿಯ ವಾಸನೆ. ಕಿಟಕಿಗಳು ಮುಚ್ಚಿದ್ದವು, ಏಸಿ ಓಡುತ್ತಿತ್ತು. ಮುಳ್ಳು ಮೆಲ್ಲಗೆ ಎದ್ದು ಎಂಟುನೂರಕ್ಕೆ ಬಂದು ನಿಂತಿತು. ಸ್ಟೇರಿಂಗ್‌ನ ಅದುರಾಟ ಸತ್ತೇಹೋಯಿತು. ಹಿಂದಿನವನು ಹಾರ್ನ್ ಹೊಡೆಯುವವರೆಗೆ ನಾನು ಕದಲಲಿಲ್ಲ. ಪಕ್ಕದ ಸೀಟಿನ ಕಡೆ ತಿರುಗಿ ನೋಡಲೂ ಇಲ್ಲ. ಹೆದರಿಕೆಯಿಂದಲ್ಲ. ನೋಡಿದರೆ ಏನು ಮಾತಾಡಲಿ?

ಊಟವಾದ ಮೇಲೆ ಗ್ಯಾರೇಜಿನ ಮುಂದೆ ಬಾನೆಟ್ ಎತ್ತಿದೆ. ಮೊದಲ ಬಾರಿಗೆ ಡೀಸೆಲ್ ಪೈಪನ್ನು ಹಿಡಿದು ಕೆಳಗೆ ಹೋದೆ. ಫಿಲ್ಟರಿನ ಅಡಿಯಲ್ಲಿ, ಕೈ ತಿರುಚಿ ತೂರಿಸಿದರೆ ಮಾತ್ರ ಸಿಗುವ ಜಾಗದಲ್ಲಿ, ರಬ್ಬರ್ ಪೈಪಿಗೆ ನೀಲಿ ನೂಲು ಸುತ್ತಿತ್ತು. ಬಲೆ ಹೆಣೆಯುವ ನೈಲಾನ್ ನೂಲು. ಸಮುದ್ರದ ನಡುವೆ ಪೈಪ್ ಒಡೆದರೆ ನಮ್ಮವರು ಹಾಗೆ ಬಿಗಿಯಾಗಿ ಸುತ್ತಿ ವಾಪಸು ಬರುತ್ತಾರೆ. ಹೊಸ ಪೈಪ್ ಸಿಗುವವರೆಗೆ ಅಣ್ಣ ಕಾರುಗಳಿಗೂ ಅದನ್ನೇ ಮಾಡುತ್ತಿದ್ದ. "ದಡ ಮುಟ್ಟುಕೆ ಸಾಕ್" ಎನ್ನುತ್ತಿದ್ದ. ಅವನು ಎಡಗೈಯವನು, ಅವನ ಸುತ್ತು ಎಲ್ಲರಿಗಿಂತ ಉಲ್ಟಾ. ನೂಲಿನ ತುದಿಯನ್ನು ಬೀಡಿಯಲ್ಲಿ ಸುಟ್ಟು ಹೆಬ್ಬೆರಳಲ್ಲಿ ಒತ್ತುತ್ತಿದ್ದ. ಈ ಸುತ್ತು ಉಲ್ಟಾ ಇತ್ತು. ತುದಿ ಸುಟ್ಟು ಒತ್ತಿತ್ತು. ಸುತ್ತಲಿನ ಎಲ್ಲದರ ಮೇಲೂ ಎಣ್ಣೆ ಹತ್ತಿದ ಕಪ್ಪು ಧೂಳು. ನೂಲು ಮಾತ್ರ ಅಂಗಡಿಯಿಂದ ಈಗ ತಂದ ಹಾಗಿತ್ತು.

ಅತ್ತಿಗೆ ಬಂದು ಪಕ್ಕದಲ್ಲಿ ನಿಂತರು. "ನೀವ್ ಕಾರ್ ಬಿಟ್ಟ್ ಹೋದ ದಿನ ಊಟಕ್ಕ್ ಕರದ್ರೂ ಬರ್ಲಿಲ್ಲೆ ಅವ್ರ್," ಎಂದರು. "ನಿಮ್ಮ್ ಕಾರಿನ್ ಅಡಿಗೇ ಇದ್ದಿರ್. ಫೋನ್ ಬಂದ ದಿನ್ವೂ ಉಣ್ಲಿಲ್ಲೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. "ಭಾವ ಕೊಟ್ಟ್ ಮೇಲೆ ಕಾರ್ ಸಮಾ ಇದ್ದಿತ್ತಲೆ," ಎಂದಳು. "ಹಾಲಾಡಿ ಮದಿಗೆ ಹೋಪತಿಗೆ ಎಂತ ಆಯ್ಲಿಲ್ಲೆ. ನಡ್ಕ ಶುರು ಆದ್ದ್ ಮತ್ತೆ, ನೀವ್ ಎಲ್ಲ ಬಿಚ್ಚುಕೆ ಹೊರ್ಟ್ ಮೇಲೆ."

ಆಗಿನಿಂದ ನನಗೆ ನೆಮ್ಮದಿಯಿಲ್ಲ. ಅವಳು ಹೇಳುವುದೇ ನಿಜವಾದರೆ, ಅಣ್ಣ ಕಾರನ್ನು ಸರಿಮಾಡಿ ಕೊಟ್ಟಿದ್ದ. ಅವನು ಗೆದ್ದದ್ದನ್ನು ತಡೆಯಲಾರದೆ ನಾನು ಇಲ್ಲದ ನಡುಕವನ್ನು ಕಂಡು, ಅವನನ್ನು ಸುಳ್ಳುಗಾರ ಎಂದು ಬೈದೆ. ನನ್ನ ನೆನಪೇ ನಿಜವಾದರೆ, ಆ ನೂಲನ್ನು ಕಟ್ಟಿದ್ದು ಅವನು ಸತ್ತ ಮೇಲೆ. ಮೊದಲನೆಯದನ್ನು ನನ್ನ ವಿದ್ಯೆ ಒಪ್ಪುತ್ತದೆ. ಎರಡನೆಯದನ್ನು ಒಪ್ಪಿದರೆ, ಬೈದವನ ಕಾರನ್ನೂ ಸರಿಮಾಡಲು ಅವನು ಬಂದಿದ್ದ ಎಂದಾಗುತ್ತದೆ. ನನಗೆ ಯಾವುದು ಬೇಕು ಎಂಬುದು ನನಗೆ ಗೊತ್ತು. ಆದ್ದರಿಂದಲೇ ಅದನ್ನು ನಂಬಲಾರೆ.

ಸಾಕ್ಷಿ ಹುಡುಕಿದೆ. ನಾನು ಮುಳ್ಳಿನ ಏರಿಳಿತವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಆರುನೂರು, ಸಾವಿರ, ಆರುನೂರೈವತ್ತು. ಅಣ್ಣ ಕಾರು ಕೊಟ್ಟ ವಾರದ್ದಿರಬೇಕು ಎನಿಸುವ ಪುಟದಲ್ಲಿ ತಾರೀಕು ಇಲ್ಲ. ತಾರೀಕು ಬರೆಯದ ಮಕ್ಕಳ ಅಂಕ ಕತ್ತರಿಸುವವನು ನಾನು. ಫೋನಿನಲ್ಲಿ ಒಂದು ಚಿತ್ರವಿದೆ, ಅವನು ಸಾಯುವುದಕ್ಕೆ ಮೂರು ವಾರ ಮೊದಲು ತೆಗೆದದ್ದು. ಮೂಲೆಯಲ್ಲಿ ಆ ಪೈಪ್ ಕಾಣುತ್ತದೆ, ಅದರ ಮೇಲೆ ನನ್ನದೇ ಕೈಯ ನೆರಳು ಬಿದ್ದಿದೆ. ದೊಡ್ಡದು ಮಾಡಿ ನೋಡಿದರೆ ಕೆಲವು ದಿನ ನೀಲಿ ಕಾಣುತ್ತದೆ. ಕೆಲವು ದಿನ ಬರೀ ಕಪ್ಪು.

ಹೊಸ ಪೈಪ್ ತಂದು ಡ್ಯಾಶ್‌ಬೋರ್ಡಿನ ಒಳಗೆ ಇಟ್ಟಿದ್ದೇನೆ, ಹಾಕಿಲ್ಲ. ಆ ಕಟ್ಟು ಇದ್ದೂ ಕಾರು ಇನ್ನೊಮ್ಮೆ ನಡುಗಿದರೆ ಸಾಕು. ಅಣ್ಣ ಅಂದೇ ಕಟ್ಟಿದ್ದ, ಅದು ಆಗಾಗ ಸಡಿಲವಾಗುತ್ತಿತ್ತು ಎಂದುಕೊಳ್ಳಬಹುದು. ಅವನು ಬಂದಿರಲಿಲ್ಲ, ನಾನೂ ಸುಳ್ಳು ಹೇಳಿರಲಿಲ್ಲ ಎಂದುಕೊಂಡು ನಿದ್ದೆ ಮಾಡಬಹುದು. ಅದಕ್ಕಾಗಿ ಪ್ರತಿ ಸಿಗ್ನಲ್‌ನಲ್ಲಿ, ಪ್ರತಿ ಟೋಲ್ ಸಾಲಿನಲ್ಲಿ ಮುಳ್ಳನ್ನೇ ನೋಡುತ್ತ ಕೂರುತ್ತೇನೆ.

ದಡ ಮುಟ್ಟುವವರೆಗೆ ಮಾತ್ರ ಇರಬೇಕಾದ ಕಟ್ಟು. ಎರಡು ವರ್ಷವಾಯಿತು. ಮುಳ್ಳು ಎಂಟುನೂರು ಬಿಟ್ಟು ಕದಲುತ್ತಿಲ್ಲ.