ಎಲ್ರೂ ಕುಂತ್ರಾ?

ಥೆರೇಸಮ್ಮನ ಮನೆಗೆ ಕ್ರಿಸ್ಮಸ್ ಯಾವಾಗ ಬರುತ್ತದೆಂದು ಕಬಿನಿ ದಂಡೆಯ ನಮ್ಮೂರು ಮರಕ್ಕಡವಿನಲ್ಲಿ ಯಾರೂ ಗಟ್ಟಿಯಾಗಿ ಹೇಳುವಂತಿರಲಿಲ್ಲ. ಚರ್ಚಿನ ಕ್ರಿಸ್ಮಸ್ಸಿಗೆ ಅವರೂ ಎಲ್ಲರಂತೆ ಹೋಗಿ ಬರುತ್ತಿದ್ದರು. ಆದರೆ ಅವರ ಜಗಲಿಯಲ್ಲಿ ಕಾಗದದ ನಕ್ಷತ್ರ ತೂಗುತ್ತಿದ್ದುದು ಒಂದು ವರ್ಷ ಕಾಫಿ ಹೂ ಬಿಡುವಾಗ, ಇನ್ನೊಂದು ವರ್ಷ ಹಲಸು ಹಣ್ಣಾಗುವಾಗ. ಯಾರಾದರೂ ನಕ್ಕರೆ, "ನಮ್ ಪುಸ್ತಕ ಈಗ ಅಲ್ಲಿಗೆ ಬಂತು ಕಣಪ್ಪ" ಎಂದು ತಮ್ಮ ಪಾಡಿಗೆ ಮೆಣಸು ಒಣಹಾಕುತ್ತಿದ್ದರು.

ಅದು ದಿನಕ್ಕೊಂದು ಪುಟದಂತೆ ವರ್ಷಕ್ಕಾಗುವಷ್ಟು ಧ್ಯಾನಗಳಿದ್ದ ಕನ್ನಡ ಪುಸ್ತಕ. ಮೈಸೂರು ಕಡೆಯ ಕ್ರೈಸ್ತರ ಮನೆಯ ಹುಡುಗಿ ಥೆರೇಸಮ್ಮ ಕಬಿನಿ ದಾಟಿ ಮಲಯಾಳಿ ಮನೆಗೆ ಸೊಸೆಯಾಗಿ ಬಂದಾಗ ಸೀರೆಗಳ ನಡುವೆ ಇಟ್ಟುಕೊಂಡು ತಂದದ್ದು. ಆ ಮನೆಯ ಸಂಜೆಯ ಪ್ರಾರ್ಥನೆಯೆಲ್ಲ ಮಲಯಾಳದಲ್ಲಿ. ಕೊನೆಯ ಒಂದು ಪುಟ ಮಾತ್ರ ಕನ್ನಡದಲ್ಲಿ ಎಂದು ಮೊದಲ ವರ್ಷವೇ ಹಟ ಹಿಡಿದು ಗೆದ್ದಿದ್ದರಂತೆ. ಮಗ ಜೋಯ್‌ಗೆ ಕನ್ನಡ ಅಕ್ಷರ ಕಲಿಸಿದ್ದೂ ಅದರಲ್ಲೇ, ಮುಂದೆ ಕಣ್ಣು ಮಂಜಾದಾಗ ಓದಿಸಿದ್ದೂ ಅವನ ಕೈಲೇ.

ಪುಟ ಓದುವುದಕ್ಕೆ ಅವರದೊಂದು ಕಟ್ಟಳೆಯಿತ್ತು. ಮನೆಯವರೆಲ್ಲ ಕೂತಿದ್ದರೆ ಮಾತ್ರ ಪುಸ್ತಕ ತೆರೆಯಬೇಕು. ಒಬ್ಬರಿಲ್ಲದಿದ್ದರೂ ಜಪ ಮುಗಿಸಿ ಏಳುವುದು, ಪುಟ ನಾಳೆಗೆ. ಯೇಸುವಿನ ಪವಿತ್ರ ಹೃದಯದ ಪಟದ ಕೆಳಗಿನ ಹಲಗೆಯಿಂದ ಪುಸ್ತಕ ತೆಗೆದು ಎದೆಗೊತ್ತಿಕೊಂಡು, "ಎಲ್ರೂ ಕುಂತ್ರಾ?" ಎಂದು ಕೇಳುತ್ತಿದ್ದರು. ಹೂಂ ಎಂದು ಎಲ್ಲರ ಬಾಯಿಂದಲೂ ಬರಬೇಕು.

ಎಲ್ಲರೂ ಕೂರುವುದೇ ಕಷ್ಟವಿತ್ತು. ಜೋಯ್ ಶುಂಠಿ, ಬಾಳೆಕಾಯಿ ಲೋಡು ಮಾಡಿಕೊಂಡು ಗುಂಡ್ಲುಪೇಟೆಗೆ ಪಿಕಪ್ ಓಡಿಸುತ್ತಿದ್ದ. ಬರುವಾಗ ತಡವಾದರೆ ರಾತ್ರಿ ಕಾಡಿನ ಗೇಟು ಬಿದ್ದು ಬೆಳಗಿನವರೆಗೂ ಅಲ್ಲೇ. ಸೊಸೆ ಲಿಸಿ ಬತ್ತೇರಿಯ ಆಸ್ಪತ್ರೆಯೊಂದರಲ್ಲಿ ನರ್ಸು, ವಾರಕ್ಕೊಂದು ಪಾಳಿ. ಮೊಮ್ಮಗಳು ಅನುವಿಗೆ ಟ್ಯೂಷನ್ನು. ಹೀಗಾಗಿ ಪುಸ್ತಕ ಹಿಂದೆ ಬೀಳುತ್ತಲೇ ಹೋಯಿತು. ಮನೆ ನೋಡಲು ಬಂದ ಪಾದ್ರಿಗಳು ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ನಡುವೆ ಕ್ರಿಸ್ಮಸ್ಸಿನ ಪುಟ ಓದುತ್ತಾರೆಂದು ತಿಳಿದು, ತಪ್ಪಿದ್ದನ್ನು ಬಿಟ್ಟು ಆಯಾ ತಾರೀಖಿನದನ್ನೇ ಓದಬಹುದಲ್ಲ ಅಂದರು. ತಡವಾಗಿ ಬಂದವರಿಗೂ ದೇವರು ಕಾಯುತ್ತಾನೆಂದು ನೀವೇ ಹೇಳುತ್ತೀರಿ, ಪುಸ್ತಕಕ್ಕೇಕೆ ಅವಸರ ಎಂದು ಥೆರೇಸಮ್ಮ ಕೇಳಿದರು. ಆ ಸಂಜೆ ಚಾಪೆಯ ಮೇಲೆ ಪಾದ್ರಿಗಳೂ ಕೂರಬೇಕಾಯಿತು.

ನಾನು ಬೇಲಿಯಾಚೆಯವಳು, ಹಿಂದೂ ಒಕ್ಕಲು ಮನೆಯವಳು. ಪುಲ್ಪಳ್ಳಿಯಲ್ಲಿ ಹೊಲಿಗೆ ಅಂಗಡಿ. ಒಮ್ಮೆ ಅನುವಿನ ಯೂನಿಫಾರ್ಮ್ ಕೊಟ್ಟುಹೋಗಲು ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಒಳಗೆ ಕಾಲಿಟ್ಟು ಸಿಕ್ಕಿಬಿದ್ದೆ. ಬಾಗಿಲಲ್ಲೇ ನಿಂತಿರುತ್ತೇನೆ ಅಂದೆ.

"ಕುಂತ್ಕೊ ಗೌರಿ. ಒಳಗಿರೋರೆಲ್ಲ ಮನೆಯೋರೇಯ."

ಕೂತೆ. ದಿನವಿಡೀ ಮಿಷನ್ ತುಳಿದ ಕಾಲಿಗೆ ಚಾಪೆ ಸುಖವಾಗಿಯೇ ಇತ್ತು ಅನ್ನಿ. ಆದರೆ ಆಮೇಲೆ ಆ ಹೊತ್ತಿನಲ್ಲಿ ಅವರ ಅಂಗಳ ದಾಟುವಾಗ ಕಳ್ಳಿಯಂತೆ ಹೆಜ್ಜೆ ಇಡುತ್ತಿದ್ದೆ. ನನಗೂ ಸುಸ್ತು, ಸಾರು ಮಾಡಬೇಕು, ಮಂಡಿ ನೋವು. ಎಷ್ಟೋ ಸಲ ಸಿಕ್ಕಿಬಿದ್ದೆ ಕೂಡ.

ಆ ಮನೆಯಲ್ಲಿ ದಣಿಯದವರೇ ಇರಲಿಲ್ಲ. ಒಂದು ಸಂಜೆ ಲಿಸಿ ರಾತ್ರಿ ಪಾಳಿ ಮುಗಿಸಿದವಳು ಹಗಲೂ ಮಲಗಲಾಗದೆ, ಗೋಡೆಗೆ ಒರಗಿದಲ್ಲೇ ನಿದ್ದೆ ಹೋದಳು. ಜೋಯ್ ಓದುವುದನ್ನು ನಿಲ್ಲಿಸಿ ಅವಳ ಭುಜ ಮುಟ್ಟಲು ಹೋದ.

"ಎಬ್ಬಿಸ್ಬೇಡ. ನಿದ್ದೆ ಬಂದ್ರೆ ಬರ್ಲಿ, ಕುಂತವ್ಳಲ್ಲ. ಸಾಕು," ಅಂದರು ಥೆರೇಸಮ್ಮ.

ಪ್ರಾರ್ಥನೆ ಮುಗಿದ ಮೇಲೆ ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಸ್ತುತಿ ಹೇಳುವ ಪದ್ಧತಿಯಿದೆ. ಕಿರಿಯರು ಕೈಮುಗಿದು ದೇವರಿಗೆ ಸ್ತುತಿ ಎಂದು ಹೇಳುತ್ತಾರೆ, ಮೊದಲು ಮನೆಯ ಹಿರಿಯರಿಗೆ, ಆಮೇಲೆ ಉಳಿದವರಿಗೆ. ಹಿರಿಯರು ತಿರುಗಿ ಸ್ತುತಿ ಹೇಳಬೇಕು. ಥೆರೇಸಮ್ಮ ಪ್ರತಿಯೊಬ್ಬರ ತಲೆಯ ಮೇಲೂ ಕೈಯಿಟ್ಟು, "ಸ್ತುತಿ. ಹೋಗಿ ಉಣ್ಣಿ" ಅನ್ನುತ್ತಿದ್ದರು. ಅವರ ಬಾಯಲ್ಲಿ ಅವೆರಡೂ ಒಂದೇ ಮಾತಾಗಿಬಿಟ್ಟಿದ್ದವು.

ಈ ಮಳೆಗಾಲ ಹಾಸಿಗೆ ಹಿಡಿದರು. ಆಸ್ಪತ್ರೆಯ ಓಡಾಟಕ್ಕೆ ಲಿಸಿ ಪಾಳಿ ಬದಲಿಸಿಕೊಂಡಳು, ಖರ್ಚಿಗೆಂದು ಜೋಯ್ ಹೆಚ್ಚು ಲೋಡು ಹಿಡಿದ. ಅವರಿಗಾಗಿ ಓಡಾಡಿದ್ದರಿಂದಲೇ ಯಾರಿಗೂ ಒಟ್ಟಿಗೆ ಕೂರಲಾಗಲಿಲ್ಲ. ಪುಸ್ತಕದ ಗುರುತಿನ ಕೆಂಪು ದಾರ ಒಂದೇ ಪುಟದಲ್ಲಿ ನಿಂತುಬಿಟ್ಟಿತು. ಗಂಜಿ ತೆಗೆದುಕೊಂಡು ಹೋದಾಗ ನನ್ನ ಕೈ ಹಿಡಿದು ಹೇಳಿದರು:

"ನಾನೋದ್ಮೇಲೆ ಇವ್ರು ಒಬ್ಬೊಬ್ರೆ ಫೋನಲ್ಲಿ ಓದ್ಕತಾರೆ. ಪ್ರಾರ್ಥನೆ ನಿಲ್ಲಕ್ಕಿಲ್ಲ ಗೌರಿ. ಕೂರೋದು ನಿಂತೋಯ್ತದೆ. ನಂಗದೇ ಭಯ."

ಹಾಗೇನೂ ಆಗುವುದಿಲ್ಲ ಅಂದೆ. ನನಗೇ ನಂಬಿಕೆಯಿರಲಿಲ್ಲ. ನಾವು ಮಾತಾಡಿದ್ದು ಅದೇ ಕೊನೆ.

ಅವರು ತೀರಿಕೊಂಡ ಏಳನೆಯ ದಿನದ ಪ್ರಾರ್ಥನೆ ಮುಗಿದು ನೆಂಟರೆಲ್ಲ ಹೋದ ಮೇಲೆ, ಪಾತ್ರೆ ತೊಳೆಯಲು ಕೈಜೋಡಿಸಲೆಂದು ಹೋದೆ. ಚಾಪೆ ಹಾಸಿತ್ತು. ತಿಂಗಳುಗಳ ನಂತರ ಆ ಮನೆಯವರೆಲ್ಲ ಒಂದೇ ಹೊತ್ತಿಗೆ ಮನೆಯಲ್ಲಿದ್ದರು. ಜಪ ಮುಗಿಯಿತು. ಜೋಯ್ ಹಲಗೆಯಿಂದ ಪುಸ್ತಕ ತೆಗೆದು, ದಾರವಿದ್ದ ಪುಟ ಬಿಡಿಸಿ, ಅಭ್ಯಾಸದ ಮೇಲೆ ಕೇಳಿಬಿಟ್ಟ:

"ಎಲ್ರೂ ಕುಂತ್ರಾ?"

ಯಾರೂ ಹೂಂ ಅನ್ನಲಿಲ್ಲ. ಅವನಿಗೂ ತಿಳಿಯಿತು. ತಾಯಿಯ ಕಟ್ಟಳೆಯಂತೆ ಇನ್ನು ಆ ಪುಟವನ್ನು ಯಾವತ್ತೂ ಓದುವ ಹಾಗಿರಲಿಲ್ಲ. ದಾರವನ್ನು ಸರಿಮಾಡಿ ಪುಸ್ತಕ ಮುಚ್ಚಿದ.

ಲಿಸಿ ಗೋಡೆಗೆ ಒರಗಿದ್ದಳು. "ನಿದ್ದೆ ಹೋದವರನ್ನೂ ಅಮ್ಮ ಬಿಡುತ್ತಿರಲಿಲ್ಲ, ಸೇರಿಸಿಕೊಳ್ಳುತ್ತಿದ್ದರು," ಎಂದು ಮಲಯಾಳದಲ್ಲಿ ಹೇಳಿದಳು. "ನಾವೂ ಅಮ್ಮನನ್ನು ಸೇರಿಸಿಕೊಳ್ಳೋಣ. ಓದಿ."

ಅವನು ತಡವರಿಸುತ್ತ ಓದಿದ. ಏನು ಓದಿದನೋ ನನ್ನ ತಲೆಗೆ ಹೋಗಲಿಲ್ಲ. ಮುಗಿದೊಡನೆ ಅನು ಸ್ತುತಿ ಹೇಳಲು ಎದ್ದಳು. ಅಜ್ಜಿಯ ಜಾಗದತ್ತ ಹೋದವಳು ಅರ್ಧದಲ್ಲೇ ನಿಂತು ಸುತ್ತ ನೋಡಿದಳು. ಆಮೇಲೆ ಬಂದು ನನ್ನ ಮುಂದೆ ಕೈಮುಗಿದಳು. ಆ ಮನೆಯೊಳಗೆ ಕೂತವರಲ್ಲಿ ಈಗ ಎಲ್ಲರಿಗಿಂತ ದೊಡ್ಡವಳು ನಾನೇ.

ನಾನು ನಿಮ್ಮವಳಲ್ಲ ಮಗಳೇ ಎನ್ನಬಹುದಿತ್ತು. ಥೆರೇಸಮ್ಮ ಆ ಮಾತಿಗೆ ದಾರಿಯನ್ನೇ ಉಳಿಸಿರಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟೆ.

"ಸ್ತುತಿ," ಅಂದೆ. "ಹೋಗಿ ಉಣ್ಣಿ."