ಪಂಕಜಾ ಮಾತು ಮುಗಿಸುವವರೆಗೆ

ಪಂಕಜಾ ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ನೀವು ಬಾಳೆಹಣ್ಣು ಸುಲಿದು, ತಿಂದು, ಸಿಪ್ಪೆ ಎಸೆದು ಬರಬಹುದಿತ್ತು. ಹೀಗೆಂದು ಹೇಳುತ್ತಿದ್ದವಳು ಅವಳೇ. ಹುಟ್ಟುವಾಗ ಆದ ತೊಂದರೆಯಿಂದ ಅವಳ ನಾಲಗೆ, ಕೈ, ಕಾಲುಗಳು ಮಿದುಳಿನ ಮಾತನ್ನು ತಡವಾಗಿ ಕೇಳುತ್ತಿದ್ದವು. ಮಿದುಳಂತೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಅವಳ ತಂದೆ ವೆಂಕಟಸುಬ್ಬಯ್ಯನವರು ಮೈಸೂರಿನ ಕಡೆಯವರು, ಫೋರ್ಟಿನ ಬ್ಯಾಂಕೊಂದರಲ್ಲಿ ಗುಮಾಸ್ತರು. ಮುಲುಂಡಿನ ನಮ್ಮ ಸೊಸೈಟಿಯ ಗ್ರೌಂಡ್ ಫ್ಲೋರಿನಲ್ಲಿ ಅವರ ಮನೆ. ಸಂಜೆ ಮಗಳಿಗೆ ಪೇಪರು ಓದಿ ಹೇಳಿ, ಪ್ರಶ್ನೆ ಕೇಳಿ, ಉತ್ತರ ಬರುವ ತನಕ ನಶ್ಯ ಏರಿಸುತ್ತಾ ಕೂತಿರುತ್ತಿದ್ದರು. ಎಂಬತ್ತೆರಡನೇ ಇಸವಿಯಲ್ಲಿ ತೀರಿಕೊಳ್ಳುವ ಮೊದಲು ಮನೆಯನ್ನು ಅವಳ ಹೆಸರಿಗೇ ಬರೆದಿದ್ದರು. ಪುಣೆಯಲ್ಲಿದ್ದ ಅಣ್ಣ ಶಾಮಣ್ಣ ಬಂದು ಆ ಮನೆಗೆ ಬೀಗ ಹಾಕಿ, ಕೀಲಿಕೈ ತಂಗಿಗೇ ಕೊಟ್ಟು, ಅವಳನ್ನು ಮಲಾಡಿನ ಅಂಗವಿಕಲರ ಆಶ್ರಮ ವಾತ್ಸಲ್ಯ ನಿಲಯಕ್ಕೆ ಸೇರಿಸಿದ. ಕೆಟ್ಟವನಲ್ಲ.

"ನರ್ಸ್ ಇದಾರೆ, ಡಾಕ್ಟರ್ ಬರ್ತಾರೆ, ಗಾರ್ಡನ್ ಇದೆ. ಯಾವುದನ್ನೂ ನೀನು ಯೋಚನೆ ಮಾಡಬೇಕಾಗಿಲ್ಲ," ಅಂದ.

ತೊಂದರೆ ಇದ್ದದ್ದೇ ಅಲ್ಲಿ. ನಿಲಯದಲ್ಲಿ ಬಿಸಿಲಿರುವಾಗಲೇ ರಾತ್ರಿಯೂಟ. ಬಾಚಲು ಸುಲಭವೆಂದು ಎಲ್ಲರ ಕೂದಲಿಗೂ ಕತ್ತರಿ. ಚಹಾಕ್ಕೆ ಎಷ್ಟು ಸಕ್ಕರೆ ಎನ್ನುವುದನ್ನೂ ಯಾರೋ ಎಂದೋ ನಿರ್ಧರಿಸಿಬಿಟ್ಟಿದ್ದರು. ದಾನಿಗಳು ಹುಟ್ಟುಹಬ್ಬಕ್ಕೆ ಕೇಕು ತಂದಾಗ ಎಲ್ಲರೂ ಚಪ್ಪಾಳೆ ತಟ್ಟಬೇಕು. ಪಂಕಜಾಳ ಚಪ್ಪಾಳೆ ಮಾತ್ರ ಉಳಿದವರದು ನಿಂತಮೇಲೆ ಶುರುವಾಗಿ ನಿಧಾನಕ್ಕೆ ಮುಂದುವರಿಯುತ್ತಿತ್ತು. ಒಮ್ಮೆ ಒಬ್ಬ ಸೇಠ್‌ಜಿ ಇನ್ನೂ ಮಾತಾಡಬೇಕೇನೋ ಅಂದುಕೊಂಡು ಎರಡನೇ ಸಲ ಭಾಷಣ ಶುರುಮಾಡಿದರು. ಅವತ್ತು ಇಡೀ ವಾರ್ಡು ಅವಳನ್ನು ಶಪಿಸಿತು.

ಪಕ್ಕದ ಮಂಚದವಳು ವಾರಿಜಾ. ಉಡುಪಿ ಕಡೆಯವಳು, ಪೋಲಿಯೋದಿಂದ ಗಾಲಿಕುರ್ಚಿ ಹಿಡಿದವಳು, ಶಾಲೆಗೆ ಹೋಗುವ ವಯಸ್ಸಿನಿಂದ ನಿಲಯದಲ್ಲೇ ಬೆಳೆದವಳು. "ನಂಗೆ ದೊಡ್ಡ ಆಸೆ ಎಂತದೂ ಇಲ್ಲ ಮಾರಾಯ್ತಿ. ಬೇಕಾದಾಗ ಹಾಕಿಕೊಳ್ಳಲಿಕ್ಕೆ ಒಂದು ಬಾಗಿಲು," ಅಂದಳೊಮ್ಮೆ.

"ನನ್ನ ಹತ್ರ ಒಂದು ಬಾಗಿಲಿದೆ," ಅಂದಳು ಪಂಕಜಾ.

ಎಂಬತ್ತಾರರ ಗೌರಿಹಬ್ಬಕ್ಕೆ ಮುಂಚೆ ಅವಳು ಸೂಪರಿಂಟೆಂಡೆಂಟ್ ನೀಲಕಂಠಪ್ಪನವರ ಮುಂದೆ ಹೋಗಿ ನಿಂತಳು. ಅವರು ಧಾರವಾಡದ ಕಡೆಯ ಸಾಧು ಮನುಷ್ಯ, ಆದರೆ ಸದಾ ಅವಸರ.

"ಹಬ್ಬಕ್ಕ ಮನೀಗೆ ಹೋಗ್ತೀಯೇನವ್ವಾ? ಹೋಗು. ಆದ್ರ ನಿನ್ನ ನೋಡಿಕೊಳ್ಳಾಕ ಅಲ್ಲಿ ಯಾರದಾರ?"

ಪಂಕಜಾ ಉತ್ತರಕ್ಕೆ ತುಟಿ ಕೂಡಿಸಿದಳು. ಅಷ್ಟರಲ್ಲಿ ದಾನಿಗಳ ಬಸ್ಸು ಗೇಟಿಗೆ ಬಂತು. "ಆತು, ಯಾರರೆ ಇರ್ತಾರ ಬಿಡು," ಎಂದು ಅವರು ಎದ್ದೇಬಿಟ್ಟರು. ಹಾರ ಹಿಡಿದು ಓಡುತ್ತಿದ್ದವರನ್ನು ವರಾಂಡದಲ್ಲಿ ವಾರಿಜಾ ತಡೆದಳು.

"ಸರ್, ನಾನು ಹಬ್ಬಕ್ಕೆ ಫ್ರೆಂಡ್ ಮನೆಗೆ ಹೋಗಿ ಬರ್ತೇನೆ. ನೋಡಿಕೊಳ್ಳಲಿಕ್ಕೆ ಜನ ಉಂಟು."

"ಹೋಗವ್ವಾ, ಹೋಗು. ದಾರಿ ಬಿಡು."

ವಾರಿಜಾಳ ದೊಡ್ಡಪ್ಪನ ಮಗ ಸದಾನಂದನಿಗೆ ಮುಲುಂಡ್ ಸ್ಟೇಷನ್ ಎದುರು ಹೋಟೆಲಿತ್ತು. ಅವನು ಟ್ಯಾಕ್ಸಿ ತಂದ. ಕ್ಯಾರಿಯರಿನ ಮೇಲೆ ಗಾಲಿಕುರ್ಚಿ ಕಟ್ಟಿಸಿಕೊಂಡು ಇಬ್ಬರೂ ನಮ್ಮ ಬಿಲ್ಡಿಂಗಿಗೆ ಬಂದಿಳಿದರು. ಮುಂಬಾಗಿಲಿನ ಮೆಟ್ಟಿಲುಗಳ ಮೇಲೆ ವಾರಿಜಾಳನ್ನು ಹೋಟೆಲಿನ ವೇಟರುಗಳು ಕುರ್ಚಿ ಸಮೇತ ಎತ್ತಿದರು. ಸ್ನಾನ, ಬಟ್ಟೆ, ಪಾತ್ರೆಗಳ ಸಹಾಯಕ್ಕೆ ನಮ್ಮಲ್ಲೆಲ್ಲ ಕೆಲಸ ಮಾಡುತ್ತಿದ್ದ ಸೇವಂತಿಯನ್ನು ಗೊತ್ತು ಮಾಡಿಕೊಂಡರು. "ನೀನು ಹೇಳಿದ ಹೊತ್ತಿಗಲ್ಲ, ನಾವು ಹೇಳಿದ ಹೊತ್ತಿಗೆ ಬರಬೇಕು," ಅಂದಳಂತೆ ಪಂಕಜಾ. ಆ ಮಾತು ಹೇಳುವಾಗ ಅವಳ ಮುಖ ನೋಡಬೇಕಿತ್ತು ಎಂದು ಸೇವಂತಿ ಮನೆಮನೆಗೂ ಹೇಳಿಕೊಂಡು ಬಂದಳು.

ಗಣಪತಿ ನೀರಿಗೆ ಹೋದರೂ ಇವರು ಹಿಂತಿರುಗಲಿಲ್ಲ. ನೀಲಕಂಠಪ್ಪನವರು ಹುಡುಕಿಕೊಂಡು ಬಂದಾಗ ವಾರಿಜಾ ತೆಂಗಿನಕಾಯಿ ತುರಿಯುತ್ತಿದ್ದಳು.

"ಏನವ್ವಾ, ನಿನ್ನ ನೋಡಿಕೊಳ್ಳವ್ರು ಯಾರು?" ಎಂದು ಕೇಳಿದರು.

"ಪಂಕಜಾ."

"ಮತ್ತ ಪಂಕಜಾನ್ನ?"

"ನಾನು."

ನೀಲಕಂಠಪ್ಪನವರು ತಲೆಗೆ ಕೈಹಚ್ಚಿ ಕೂತರು. "ನನಗ ಯಾಕ ಹೇಳಲಿಲ್ಲ ನೀವು?"

ಈ ಸಲ ಅವರಿಗೆ ಎದ್ದು ಹೋಗಲು ಯಾವ ಬಸ್ಸೂ ಇರಲಿಲ್ಲ. ಪಂಕಜಾ ಪೂರ್ತಿ ಸಮಯ ತೆಗೆದುಕೊಂಡು ಹೇಳಿದಳು: "ಹೇಳ್ತಾ ಇದ್ದೆ. ನೀವು ಕೇಳಿಸಿಕೊಳ್ಳಲಿಲ್ಲ."

ಅವರು ಊಟ ಮಾಡಿ, ಎರಡನೇ ಸಲ ಸಾರು ಹಾಕಿಸಿಕೊಂಡು, ಹೋಗುವಾಗ ಮಾತ್ರ ಕರ್ತವ್ಯ ನೆನಪಾಗಿ ನಮ್ಮ ಸೊಸೈಟಿ ಸೆಕ್ರೆಟರಿ ಕೇಶವಮೂರ್ತಿಗಳಿಗೆ ಎಚ್ಚರಿಕೆ ಕೊಟ್ಟರು: ಏನಾದರೂ ಆದರೆ ಜವಾಬ್ದಾರಿ ನಿಮ್ಮದು. ಜವಾಬ್ದಾರಿ ಎಂಬ ಶಬ್ದ ಕೇಳಿದ್ದೇ ಕೇಶವಮೂರ್ತಿಗಳು ಭಾನುವಾರ ಮಧ್ಯಾಹ್ನ ಕಾಂಪೌಂಡಿನಲ್ಲಿ ಮೀಟಿಂಗ್ ಕರೆದರು.

ಗ್ಯಾಸ್ ಸೋರಿದರೆ? ನಲ್ಲಿ ತೆರೆದೇ ಉಳಿದರೆ? ಬಿದ್ದರೆ? "ನಾವು ವಿರೋಧ ಅಲ್ಲ, ನಿಮ್ಮ ಒಳ್ಳೇದಕ್ಕೇ," ಎಂದು ಒಬ್ಬೊಬ್ಬರೂ ಹೇಳಿದರು. ಇಬ್ಬರನ್ನೂ ನಿಲಯಕ್ಕೆ ಮರಳಿಸುವಂತೆ ಶಾಮಣ್ಣನಿಗೆ ಬರೆಯಬೇಕು, ಗಾಲಿಕುರ್ಚಿಗೆಂದು ವಾರಿಜಾ ಕೇಳಿದ್ದ ಸಿಮೆಂಟಿನ ಇಳಿಜಾರನ್ನು ಕಟ್ಟಿಸಕೂಡದು, ಇವು ಚರ್ಚೆಗಿದ್ದ ವಿಷಯಗಳು. ಪಂಕಜಾ ಕೈ ಎತ್ತಿದಳು.

"ಮಾತಾಡಿ, ಆದ್ರೆ ಸ್ವಲ್ಪ ಶಾರ್ಟಾಗಿ," ಅಂದರು ಕೇಶವಮೂರ್ತಿಗಳು.

ಅವಳು ಹಿಂದಿಯಲ್ಲಿ ಶುರುಮಾಡಿದಳು. ತಂದೆ ಈ ಬಿಲ್ಡಿಂಗಿಗೆ ಬಂದ ವರ್ಷ, ಆಗಿದ್ದ ಮಾವಿನ ಮರ, ಅದನ್ನು ಕಡಿದವರು ಯಾರು ಎಂಬ ವಿಚಾರ. ಒಂದೊಂದು ಶಬ್ದವೂ ಮಾಳಿಗೆ ಹತ್ತಿ ಇಳಿದು ಬರುತ್ತಿತ್ತು. ಕೆಲವರು ಕುರ್ಚಿಯಲ್ಲಿ ಹೊರಳಾಡಿದರು. ಒಬ್ಬರು ವಾರಿಜಾಳ ಕಡೆ ಬಾಗಿ, "ಅವರ ಪರವಾಗಿ ನೀವೇ ಹೇಳಿಬಿಡಿ," ಅಂದರು.

"ಅವಳ ಮಾತು ನಾನು ಹೇಗೆ ಹೇಳುವುದು ಮಾರಾಯ್ರೆ? ಅವಳಿಗೆ ಬಾಯಿ ಉಂಟಲ್ಲ," ಅಂದಳು ವಾರಿಜಾ.

ಅಷ್ಟರಲ್ಲಿ ಮೇಲಿನ ಮನೆಯ ಟೀವಿಯಲ್ಲಿ ವಾರವಿಡೀ ಎಲ್ಲರೂ ಕಾಯುತ್ತಿದ್ದ ಭಾನುವಾರ ಸಂಜೆಯ ಸಿನಿಮಾದ ಸಂಗೀತ ಕೇಳಿಸಿತು. ತಲೆಗಳೆಲ್ಲ ಆ ಕಡೆ ತಿರುಗಿದವು. ಪಂಕಜಾ ಬಾಯಿ ಒರೆಸಿಕೊಂಡಳು.

"ಇಲ್ಲಿಗೆ ಪೀಠಿಕೆ ಮುಗೀತು," ಅಂದಳು.

ಮೂರನೇ ಮಾಳಿಗೆಯವರು ತಡೆಯಲಾರದೆ, ಪಾಪ ಇರಲಿ ಬಿಡಿ, ಅವರ ಮನೆ ಅವರದು ಅಂದರು. ಕೈಗಳು ದಡಬಡನೆ ಎದ್ದವು. "ಇಳಿಜಾರಿಗೂ," ಅಂದಳು ಪಂಕಜಾ. ಎದ್ದ ಕೈಗಳು ಇಳಿಯುವ ಮೊದಲೇ ಅದೂ ಪಾಸಾಯಿತು. ಆ ಒಂದು ಶಬ್ದವನ್ನು ಅವಳು ನನ್ನ ನಿಮ್ಮಷ್ಟೇ ವೇಗವಾಗಿ ಹೇಳಿದಳೆಂದು ಕೇಶವಮೂರ್ತಿಗಳು ಕೊನೆಯವರೆಗೂ ಸಾಧಿಸುತ್ತಿದ್ದರು. ಪೀಠಿಕೆಯ ನಂತರ ಏನು ಹೇಳಬೇಕೆಂದಿದ್ದೆ ಎಂದು ನಾನು ಆಮೇಲೆ ಕೇಳಿದೆ.

"ಏನೂ ಇರಲಿಲ್ಲ," ಅಂದಳು.

ಇಳಿಜಾರಿನ ಮೇಲೆ ಮೊದಲು ಹತ್ತಿದ್ದು ಗ್ಯಾಸ್ ಸಿಲಿಂಡರು. ಆಮೇಲೆ ಕೇಶವಮೂರ್ತಿಗಳ ಸ್ಕೂಟರು. ಮಳೆಗೆ ನೆನೆಯಬಾರದೆಂದು ಅಲ್ಲೇ ನಿಲ್ಲಿಸಿ ವಾರಿಜಾಳಿಂದ ಬೈಸಿಕೊಂಡರು.

ಎಲ್ಲವೂ ನೆಟ್ಟಗೆ ನಡೆಯಿತು ಅಂತಲ್ಲ. ಆ ಚಳಿಗಾಲದಲ್ಲಿ ಬಿಸಿನೀರು ಬಿದ್ದು ಪಂಕಜಾಳ ತೊಡೆ ಸುಟ್ಟಿತು. ಶಾಮಣ್ಣ ಪುಣೆಯಿಂದ ಓಡಿ ಬಂದ.

"ನೋಡಿದ್ಯಾ? ನಾನು ಹೇಳಿರಲಿಲ್ವಾ?"

"ಚಿಕ್ಕಂದಿನಲ್ಲಿ ಪಟಾಕಿ ಹಚ್ಚಿ ನೀನು ಕೈ ಸುಟ್ಕೊಂಡೆಯಲ್ಲ, ಆಗ ನಿನ್ನನ್ನ ಯಾರಾದ್ರೂ ಮಲಾಡಿಗೆ ಕಳಿಸಿದ್ರಾ?"

ಶಾಮಣ್ಣ ಹೊರಡುವ ಮುನ್ನ ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ಒಂದು ಕಬ್ಬಿಣದ ಸರಳು ಹಾಕಿಸಿಕೊಟ್ಟ. ಅದೂ ಅವಳು ತೋರಿಸಿದ ಎತ್ತರಕ್ಕೇ.

ಮುಂದೆ ಸ್ಟೇಷನ್ ಹತ್ತಿರ ವಾರಿಜಾಳಿಗೆ ಎಸ್‌ಟಿಡಿ ಬೂತ್ ಸಿಕ್ಕಿತು. ಪಂಕಜಾ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಳು. ಉತ್ತರವನ್ನು ಅವಳು ಹೇಳಿ ಮುಗಿಸುವ ಮೊದಲೇ ಹುಡುಗರು ತಾವೇ ಕಂಡುಹಿಡಿಯುತ್ತಿದ್ದರಿಂದ ಪಾಠಕ್ಕೆ ಒಳ್ಳೆಯ ಹೆಸರು ಬಂತು. ನಿಲಯದವರನ್ನು ಒಬ್ಬೊಬ್ಬರನ್ನಾಗಿ ಊಟಕ್ಕೆ ಕರೆಯುತ್ತಿದ್ದಳು. ಕೆಲವರು ಊಟ ಮಾಡಿ, ಬಾಗಿಲು ಚಿಲಕ ಎಲ್ಲ ನೋಡಿ, ಹೋದವರು ಸುಮ್ಮನೆ ಕೂರದೆ ಹತ್ತಿರದಲ್ಲೇ ಮನೆ ಹಿಡಿದರು. ಅಲಮೇಲು ಎಂಬಾಕೆ ಮಾತ್ರ ಹೊರಗಿನ ಗದ್ದಲ ಹಿಡಿಸದೆ ನಿಲಯಕ್ಕೇ ಮರಳಿದಳು. "ಅವಳೇ ಬಂದು ನೋಡಿದಳು, ಅವಳೇ ಹೋದಳಲ್ಲ," ಎಂದು ಪಂಕಜಾ ಬೇಸರವಿಲ್ಲದೆ ಅವಳನ್ನು ನೋಡಲು ಹೋಗುತ್ತಿದ್ದಳು.

ತೊಂಬತ್ತೊಂದರಲ್ಲಿ ಫೋರ್ಟಿನ ಒಂದು ಸಭೆಗೆ ಪಂಕಜಾ, ವಾರಿಜಾ ಇಬ್ಬರಿಗೂ ಕರೆ ಬಂತು. ಜೊತೆಗೆ ನಾನೂ ಹೋದೆ. ದೊಡ್ಡ ಅಧಿಕಾರಿಯೊಬ್ಬರು ಊರಾಚೆ ಕಟ್ಟಲಿದ್ದ ಅಂಗವಿಕಲರ ಭಾರಿ ನಿಲಯದ ನಕ್ಷೆ ತೋರಿಸಿದರು. ಉದ್ದಕ್ಕೂ ಇಳಿಜಾರು, ಈಜುಕೊಳ, ಹೂದೋಟ, ಹೊರಗೆ ಕಾಲಿಡುವ ಅಗತ್ಯವೇ ಇಲ್ಲ ಎಂದರು. ಪಂಕಜಾಳ ಅಭಿಪ್ರಾಯ ಕೇಳಿದರು.

ಅವಳು ನಕ್ಷೆಯನ್ನು ಬಗ್ಗಿ ನೋಡಿದಳು. "ತುಂಬ ಚೆನ್ನಾಗಿದೆ ಸರ್. ನೀವು ಯಾವಾಗ ಸೇರ್ತೀರಿ?"

ಅಧಿಕಾರಿ ನಕ್ಕರು. ಅವಳು ನಗದೆ ಉತ್ತರಕ್ಕೆ ಕಾಯುತ್ತಾ ಕೂತಿದ್ದರಿಂದ ಅವರ ನಗು ಅರ್ಧಕ್ಕೇ ನಿಂತಿತು. ಯಾರೋ ಚಹಾ ತರಿಸಿದರು. ಆ ಯೋಜನೆ ಅಂದು ರದ್ದಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನಕ್ಷೆಯನ್ನು ಮತ್ತೆ ಯಾರೂ ಬಿಚ್ಚಲಿಲ್ಲ.

ವಾಪಸ್ಸು ಬರುವಾಗ ವಿ.ಟಿ. ಸ್ಟೇಷನ್ನಿನಲ್ಲಿ ಕೂಲಿಗಳು ವಾರಿಜಾಳ ಕುರ್ಚಿಯನ್ನು ಲಗೇಜ್ ಡಬ್ಬಿಗೆ ಏರಿಸಿದರು. ಮೀನಿನವರು ಬುಟ್ಟಿ ಸರಿಸಿ ಜಾಗ ಕೊಟ್ಟರು. ಭೈಖಳ ಸ್ಟೇಷನ್ ದಾಟುವಷ್ಟರಲ್ಲಿ ವಾರಿಜಾ ಉಳಿದ ಬಂಗುಡೆ ಮೀನುಗಳಿಗೆ ಚೌಕಾಸಿ ಮುಗಿಸಿ ಮಡಿಲಲ್ಲಿ ಪೊಟ್ಟಣ ಇಟ್ಟುಕೊಂಡಿದ್ದಳು.

"ನನ್ನ ಅಡುಗೆಮನೇಲಿ ಅದು ಆಗಲ್ಲ," ಅಂದಳು ಪಂಕಜಾ.

"ಅಡುಗೆಮನೆ ನನ್ನದೂ ಉಂಟು. ಕಿಟಕಿ ತೆಗೆದಿಡುವ, ಎಂತ ಆಗುವುದಿಲ್ಲ."

ಘಾಟ್ಕೋಪರ್ ಹೊತ್ತಿಗೆ ಜಗಳ ಬೆಳೆದು ಮೀನಿನವರೂ ಎರಡು ಪಕ್ಷವಾದರು. ಮುಲುಂಡಿನಲ್ಲಿ ಇಳಿದಾಗ ಬಾಲ್ಕನಿಯಲ್ಲಿ ಸ್ಟೋವ್ ಇಟ್ಟು ಹುರಿಯಬಹುದೆಂದು ತೀರ್ಮಾನವಾಗಿತ್ತು. ಸರಿಯಾಗಿ ಅದರ ಮೇಲೇ ಇತ್ತು ಕೇಶವಮೂರ್ತಿಗಳ ಕಿಟಕಿ.