ಒಂದೂ ಆರು ಬೀಳದ ದಾಳ

2019ರಲ್ಲಿ ನಾನು ಹೊಸಕೋಟೆಯ ಪದವಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಪಕನಾಗಿದ್ದೆ. ವಿದ್ಯಾರ್ಥಿಗಳು ನನ್ನನ್ನು ಬೆನ್ನ ಹಿಂದೆ ‘ದಾಳದ ಮೇಷ್ಟ್ರು’ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನನಗದು ಇಷ್ಟವೇ ಆಗಿತ್ತು.

ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಲವತ್ತು ಮಂದಿಗೂ ಒಂದೇ ಪ್ರಯೋಗ. ದಾಳವನ್ನು ಹನ್ನೆರಡು ಸಲ ಉರುಳಿಸಿ, ಆರು ಎಷ್ಟು ಸಲ ಬಿತ್ತೆಂದು ಬರೆಯಬೇಕು. ಪ್ರತಿ ಸಲ ಆರು ಬೀಳುವ ಸಂಭವನೀಯತೆ ಆರರಲ್ಲಿ ಒಂದು. ಹಾಗಾಗಿ ಸರಾಸರಿ ಎರಡು. ಮೂವತ್ತಮೂರು ಮಂದಿ ಎರಡು ಎಂದೇ ಬರೆದಿದ್ದರು. ಉಳಿದವರದು ಒಂದು ಇಲ್ಲವೇ ಮೂರು. ಸಮೇತನಹಳ್ಳಿಯಿಂದ ಬರುತ್ತಿದ್ದ ಪವಿತ್ರ ಒಬ್ಬಳೇ ಸೊನ್ನೆ ಬರೆದಿದ್ದಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಅವಳ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. ದಾಳ ಮುಟ್ಟದೆ ಸುಮ್ಮನೆ ಬರೆದಿದ್ದಾಳೆ, ಅಂಕ ಕೊಡಲಾಗದು ಎಂದರು. ಪ್ರಾಕ್ಟಿಕಲ್ ಹೋದರೆ ಅವಳ ಎಂ.ಎಸ್ಸಿ. ಆಸೆಯೂ ಒಂದು ವರ್ಷ ಹಿಂದೆ ಬೀಳುತ್ತಿತ್ತು.

“ಬಿದ್ದಿದ್ದೇ ಬರ್ದಿದೀನಿ ಸಾರ್,” ಎಂದಳು.

ಪರೀಕ್ಷಕರ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಆದರೂ ನಮ್ಮ ಹುಡುಗಿ ಎಂದು ವಕಾಲತ್ತು ವಹಿಸುವುದು ಚೆನ್ನಾಗಿರುವುದಿಲ್ಲವೆಂದು, ಸೊನ್ನೆ ಬರುವ ಸಾಧ್ಯತೆ ಎಷ್ಟೆಂದು ಅವಳೇ ಲೆಕ್ಕ ಮಾಡಿ ತೋರಿಸಲಿ ಎಂದಷ್ಟೇ ಕೇಳಿಕೊಂಡೆ. ಅವರು ಒಪ್ಪಿದರು.

ಪವಿತ್ರ ಬೋರ್ಡಿನ ಮೇಲೆ ಬೈನಾಮಿಯಲ್ ಸೂತ್ರ ಬರೆದಳು. ಒಂದೇ ಪ್ರಯೋಗವನ್ನು ಹಲವು ಸಲ ಮಾಡಿದಾಗ, ಬೇಕಾದ ಫಲ ಇಂತಿಷ್ಟೇ ಸಲ ಬರುವ ಸಾಧ್ಯತೆ ಎಷ್ಟೆಂದು ಹೇಳುವ ಸೂತ್ರವದು. ಒಂದೂ ಆರು ಬೀಳದಿರುವುದಕ್ಕೆ ಲೆಕ್ಕ ಸುಲಭ: 5/6 ಅನ್ನು ಹನ್ನೆರಡು ಸಲ ಬರೆದು ಗುಣಿಸಿದರೆ ಸಾಕು. ಉತ್ತರ 0.112. ಅಂದರೆ ನೂರು ಮಂದಿ ಉರುಳಿಸಿದರೆ ಸುಮಾರು ಹನ್ನೊಂದು ಮಂದಿಗೆ ಹೀಗಾಗುವುದು ಸಹಜ.

ಅವಳು ಅಲ್ಲಿಗೇ ನಿಲ್ಲಿಸಬಹುದಿತ್ತು. ಅದನ್ನು ನಲವತ್ತರಿಂದ ಗುಣಿಸಿ, ನಿಜವಾಗಿಯೂ ಅರ್ಥವಾಗದವಳಂತೆ ತಿರುಗಿದಳು.

“ನಾಲ್ಕೂವರೆ ಬರ್ತೈತೆ ಸಾರ್. ನನ್ ಜೊತೆ ಇನ್ನೂ ಮೂರ್ನಾಲ್ಕು ಜನ ಇರ್ಬೇಕಿತ್ತಲ್ವಾ?”

ಮೂವತ್ತೊಂಬತ್ತು ತಲೆಗಳು ಬಗ್ಗಿದವು. ಅದೇ ಸೂತ್ರದ ಪ್ರಕಾರ ಎರಡು ಬರಬೇಕಾದದ್ದು ಸುಮಾರು ಹನ್ನೆರಡು ಮಂದಿಗೆ ಮಾತ್ರ, ಬರೆದವರು ಮೂವತ್ತಮೂರು. ಪರೀಕ್ಷಕರು ಹಾಳೆಗಳನ್ನು ಮತ್ತೊಮ್ಮೆ ತಿರುವಿ ಹಾಕಿ ನಕ್ಕುಬಿಟ್ಟರು. ಅವಳಿಗೆ ಪೂರ್ತಿ ಅಂಕ ಬರೆದು, ಎಲ್ಲರೂ ತಮ್ಮ ಕಣ್ಣೆದುರೇ ಇನ್ನೊಮ್ಮೆ ಉರುಳಿಸಬೇಕೆಂದರು. ಕೊಠಡಿಯ ತುಂಬ ದಾಳದ ಸದ್ದು. ನನಗೋ ಹಬ್ಬದಷ್ಟು ಸಂತೋಷ.

ಸರಾಸರಿ ಇಡೀ ತರಗತಿಗೆ ಸೇರಿದ್ದು, ಒಬ್ಬೊಬ್ಬರ ಮೇಜಿಗೂ ಹಂಚಿ ಬರುವಂಥದ್ದಲ್ಲ. ಇಷ್ಟು ವರ್ಷ ಪಾಠ ಹೇಳಿ ನಾನು ಕಲಿತದ್ದು ಇದನ್ನೇ. ಎರಡನೆಯ ಸಲ ಐವರಿಗೆ ಸೊನ್ನೆ ಬಂತು, ಅಂಜದೆ ಬರೆದರು. ಪವಿತ್ರಳಿಗೆ ಈ ಬಾರಿ ಆರು ನಾಲ್ಕು ಸಲ ಬಿತ್ತು. ಅವಳು ಅದನ್ನೂ ಬಿದ್ದ ಹಾಗೆಯೇ ಬರೆದಳು.